ರೈತ ಒಪ್ಪದ ಮಧ್ಯಸ್ಥಿಕೆ

ಕಲಬುರಗಿ ಜಿಲ್ಲೆಯಲ್ಲಿ ಆಳಂದದ ಅಮರ್ಜಾ ಜಲಾಶಯಕ್ಕೆ, ಅಫಜಲಪುರದ ಭೀಮಾ ಏತ ನೀರಾವರಿಗೆ, ಜೇವರ್ಗಿ ಶಾಖಾ ಕಾಲುವೆಗೆ ಹೊಲ ಬಿಟ್ಟುಕೊಟ್ಟ ರೈತರಿಗೆ ಪರಿಹಾರ ಸಾಲದೆನಿಸಿದರೆ ಸಿವಿಲ್ ನ್ಯಾಯಾಲಯವಿತ್ತು. 1894ರ ಭೂಸ್ವಾಧೀನ ಕಾಯ್ದೆಯ ಸೆಕ್ಷನ್ 18 ಆ ದಾರಿ ಕೊಟ್ಟಿತ್ತು. ನೆರೆಹೊಲದ ಕ್ರಯಪತ್ರ, ತೊಗರಿಯ ಇಳುವರಿ ಎಲ್ಲವನ್ನೂ ನ್ಯಾಯಾಧೀಶರೇ ತೂಗಿ ನೋಡುತ್ತಿದ್ದರು. ಅದೂ ಸಾಲದಾದರೆ ಹೈಕೋರ್ಟಿಗೆ ಮೇಲ್ಮನವಿ. ಅಂಥದೇ ಎರೆಹೊಲ ರಾಷ್ಟ್ರೀಯ ಹೆದ್ದಾರಿಗೆ ಹೋದರೆ ಈ ದಾರಿ ಇಲ್ಲ. 1956ರ ಹೆದ್ದಾರಿ ಕಾಯ್ದೆಗೆ 1997ರಲ್ಲಿ ಸೇರಿಸಿದ ಸೆಕ್ಷನ್ 3ಜಿ(5)ರ ಪ್ರಕಾರ ತಕರಾರು ಹೋಗುವುದು ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ. ಕರ್ನಾಟಕದಲ್ಲಿ ಅವರು ಸಾಮಾನ್ಯವಾಗಿ ಜಿಲ್ಲಾಧಿಕಾರಿ.

ಮಧ್ಯಸ್ಥಿಕೆ ನಿಲ್ಲುವುದು ಇಬ್ಬರ ಒಪ್ಪಿಗೆಯ ಮೇಲೆ. ಇಲ್ಲಿ ರೈತ ಯಾವ ಕರಾರಿಗೂ ಸಹಿ ಹಾಕಿಲ್ಲ, ಮಧ್ಯಸ್ಥಗಾರರನ್ನು ಆರಿಸಿಲ್ಲ, ಹೊಲ ಮಾರಲೂ ಹೊರಟಿರಲಿಲ್ಲ. ಆದರೂ 1996ರ ಮಧ್ಯಸ್ಥಿಕೆ ಕಾಯ್ದೆಯ ಕಟ್ಟುಪಾಡುಗಳು ಅವನಿಗೆ ಅನ್ವಯಿಸುತ್ತವೆ. ಮಧ್ಯಸ್ಥಗಾರರ ಐತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಮೂರು ತಿಂಗಳು. ಸಕಾರಣವಿದ್ದರೆ ಮತ್ತೆ 30 ದಿನ. ಅಲ್ಲಿಯೂ ನ್ಯಾಯಾಲಯ ಎಕರೆಯ ಬೆಲೆಯನ್ನು ಹೊಸದಾಗಿ ಕಟ್ಟುವಂತಿಲ್ಲ. ಐತೀರ್ಪು ತಿದ್ದುವ ಅಧಿಕಾರವೇ ಇಲ್ಲವೆಂದು 2021ರಲ್ಲಿ ಹೆದ್ದಾರಿ ಪ್ರಾಧಿಕಾರದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಏಪ್ರಿಲ್ 30ರಂದು ಸಂವಿಧಾನ ಪೀಠ ಅದನ್ನು ತುಸು ಸಡಿಲಿಸಿತು. ಭೂಮಿಯ ಬೆಲೆಯನ್ನು ಮತ್ತೆ ಅಳೆಯುವಷ್ಟು ಸಡಿಲಿಸಲಿಲ್ಲ.

ಇದು ಸಂವಿಧಾನದ 14ನೇ ವಿಧಿಯ, ಅಂದರೆ ಸಮಾನತೆಯ ಪ್ರಶ್ನೆ. ಹೆದ್ದಾರಿಗೆ ಭೂಮಿ ಕಳೆದುಕೊಂಡವರಿಗೆ ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಬೆಲೆಯ ಮೇಲೆ ಕೊಡುವ ಹೆಚ್ಚುವರಿ ಹಣ) ಇಲ್ಲವೆಂಬ ತಾರತಮ್ಯವನ್ನು ಕರ್ನಾಟಕ ಹೈಕೋರ್ಟ್ 2002ರಲ್ಲೇ ಒಪ್ಪಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದು ಅಸಾಂವಿಧಾನಿಕವೆಂದಿತು. ಹಣದಲ್ಲಿ ತಾರತಮ್ಯ ಸಲ್ಲದೆಂದ ಮೇಲೆ, ಹಣ ನಿಗದಿ ಮಾಡುವ ಪೀಠದಲ್ಲಿ ಅದು ಸಲ್ಲುವುದು ಹೇಗೆ? ಸರ್ಕಾರಿ ಗುತ್ತಿಗೆಯಲ್ಲಿ ಒಂದು ಕಡೆಯವರೇ ಏಕಪಕ್ಷೀಯವಾಗಿ ಮಧ್ಯಸ್ಥಗಾರರನ್ನು ನೇಮಿಸುವ ಷರತ್ತು ಸಮಾನತೆಗೆ ವಿರುದ್ಧವೆಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿದೆ. ಷರತ್ತು ಓದಿ ಸಹಿ ಹಾಕಿದ ಗುತ್ತಿಗೆದಾರನಿಗೆ ಈ ರಕ್ಷಣೆ ಇದೆ. ಸಹಿ ಹಾಕೆಂದು ಯಾರೂ ಕೇಳದ ರೈತನಿಗೆ ಅದು ಇನ್ನೂ ಹೆಚ್ಚು ಸಲ್ಲಬೇಕು. ಜಿಲ್ಲಾಧಿಕಾರಿಗಳ ಪ್ರಾಮಾಣಿಕತೆಯನ್ನು ನಾವು ಶಂಕಿಸುತ್ತಿಲ್ಲ. ಭೂಮಿ ಪಡೆಯುವ ಸರ್ಕಾರವೇ ಬೆಲೆ ತೀರ್ಮಾನಿಸುವವರನ್ನು ನೇಮಿಸುವುದು ತಪ್ಪು.

2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ಲೆಕ್ಕ 2015ರಿಂದ ಹೆದ್ದಾರಿಗೂ ಅನ್ವಯಿಸುತ್ತಿದೆ. ಪರಿಹಾರದ ತಕರಾರು ಕೇಳುವ ಅದೇ ಕಾಯ್ದೆಯ ನ್ಯಾಯಿಕ ಪ್ರಾಧಿಕಾರವೂ ಅನ್ವಯಿಸುವಂತೆ ಸಂಸತ್ತು ತಿದ್ದುಪಡಿ ತರಬೇಕು. ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ. ಮಧ್ಯಸ್ಥಗಾರರು ಸರ್ಕಾರಿ ಅಧಿಕಾರಿಯೇ ಆಗಿರಬೇಕೆಂದು 3ಜಿ(5) ಎಲ್ಲಿಯೂ ಹೇಳುವುದಿಲ್ಲ. ಕಲಬುರಗಿ ಜಿಲ್ಲೆಗೆ ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರನ್ನು ನೇಮಿಸಲು ಕೇಂದ್ರದ ಒಂದು ಆದೇಶ ಸಾಕು. ಅಕ್ಕಲಕೋಟೆಯ ಕಡೆಯಿಂದ ಜಿಲ್ಲೆಯನ್ನು ಹೊಗುವ ಸೂರತ್–ಚೆನ್ನೈ ಹೆದ್ದಾರಿಯ ತಕರಾರುಗಳನ್ನು ಮೊದಲು ಅವರಿಗೆ ಒಪ್ಪಿಸಲಿ.