ಇಪ್ಪತ್ತು ಬೀಜ, ಮೊಳೆತದ್ದು ಆರು

ನಮ್ಮ ಕಡೆ ಮನೆ ಸುತ್ತ ಎಲ್ಲಿ ನೋಡಿದ್ರೂ ಕಾಫಿ, ಮೆಣಸಿನ ಬಳ್ಳಿ, ಅಡಿಕೆ. ಆದರೆ ಸಾರಿಗೆ ನಾಲ್ಕು ಎಸಳು ಕೊತ್ತಂಬರಿ ಬೇಕಂದ್ರೆ ಸಂತೆಗೆ ಹೋಗಬೇಕು. ಆ ಕೊತ್ತಂಬರಿಯೋ, ಬಯಲುಸೀಮೆಯಿಂದ ಗಾಡಿ ಹತ್ತಿ ಬಂದಿರುತ್ತೆ! ಕೊಟ್ಟಿಗೆಹಾರದಿಂದ ಕಳಸದ ತನಕ ತುಂಬಾ ಮನೆಗಳ ಕಥೆ ಇದೇ. ನಮ್ಮ ಮನೆಯದ್ದೂ ಇದೇ ಆಗಿತ್ತು.

ಮೊದಲು ಹೀಗಿರಲಿಲ್ಲ. ಅಮ್ಮನ ಹಿತ್ತಲಲ್ಲಿ ಹರಿವೆ, ಬಸಳೆ, ಹೀರೆ, ಸೌತೆ, ಅಲಸಂದೆ ಎಲ್ಲಾ ಇರ್ತಿತ್ತು. ಆಮೇಲೆ ಅವಳಿಗೆ ಮೊಣಕಾಲು ನೋವು ಶುರುವಾಯ್ತು. ಎರಡು ವರ್ಷ ಹಿತ್ತಲು ಹಾಳುಬಿತ್ತು. ನಾನು ಅದೇ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಬೆಂಗಳೂರಿನ ಆಫೀಸಿನ ಕೆಲಸ ಮಾಡ್ತಾ ಕೂತಿದ್ದೆ, ಕಣ್ಣೆದುರೇ ಕಳೆ ಬೆಳೀತಿತ್ತು. ಕೇಳಿದವರಿಗೆ ನನ್ನ ಉತ್ತರ ಒಂದೇ: "ಟೈಮ್ ಎಲ್ಲಿದೆ?"

ಹೋದ ವರ್ಷ ಜುಲೈನಲ್ಲಿ ಇದ್ದಕ್ಕಿದ್ದಂತೆ ಹುರುಪು ಬಂತು. ವಿಡಿಯೋ ನೋಡಿದೆ, ಹನ್ನೆರಡು ಗ್ರೋಬ್ಯಾಗ್ ತರಿಸಿದೆ, ಎಂಟು ಥರ ಬೀಜ ಹಾಕಿದೆ. ಮೂರೇ ದಿನದಲ್ಲಿ ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಯ್ತು. ಉಳಿದದ್ದು ಬಸವನಹುಳುವಿಗೆ. ಅಮ್ಮ ಬಾಗಿಲಲ್ಲಿ ನಿಂತು, "ಈ ಮಳೆಗೆ ಯಾರಾದ್ರೂ ಕೊತ್ತಂಬರಿ ಹಾಕ್ತಾರೇನೇ ಮಾರಾಯ್ತಿ?" ಅಂದಳು. ನಾನು ನೋಡಿದ ಯಾವ ವಿಡಿಯೋದಲ್ಲೂ ಈ ಮಾತು ಇರಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಅವಳೇ ಅಟ್ಟದಿಂದ ಒಂದು ಒಣಗಿದ ಹೀರೆಕಾಯಿ ಇಳಿಸಿಸಿದಳು. ಅಲ್ಲಾಡಿಸಿದ್ರೆ ಗಲಗಲ. "ಇದು ನಿಮ್ಮಜ್ಜಿ ಕಾಲದ ತಳಿ ಕಣೇ. ಎರಡು ವರ್ಷ ಆಯ್ತು ಹಾಕಿಲ್ಲ. ಈ ವರ್ಷವೂ ಬಿಟ್ರೆ ಮುಗೀತು." ಅಷ್ಟೇ ಹೇಳಿ ಒಳಗೆ ಹೋದಳು. ನನಗೆ ಮಾತ್ರ ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬ್ಯಾಕಪ್ ಇಲ್ಲದ ಸರ್ವರ್ ಅಂದ್ರೆ ಇದೇ ಅಲ್ವಾ?

ಇಪ್ಪತ್ತು ಬೀಜ ಎಣಿಸಿ ರಾತ್ರಿ ನೀರಲ್ಲಿ ನೆನೆಸಿದೆ. ಬೆಳಿಗ್ಗೆ ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ. ಒಂದು ವಾರದಲ್ಲಿ ಮೊಳಕೆ ಒಡೆದದ್ದು ಆರು. ಹಳೇ ಬೀಜ ಯಾವುದಾದ್ರೂ ಮನೆಯಲ್ಲಿದ್ರೆ ನೀವೂ ಮೊದಲು ಹೀಗೆ ನೋಡಿ. ಅರ್ಧಕ್ಕಿಂತ ಕಮ್ಮಿ ಮೊಳೆತರೆ ಬೀಜ ಜಾಸ್ತಿ ಹಾಕಬೇಕು ಅಂತ ಅರ್ಥ, ನಿಮ್ಮ ಕೈಗುಣ ಸರಿ ಇಲ್ಲ ಅಂತಲ್ಲ.

ಈ ಸಲ ಗ್ರೋಬ್ಯಾಗ್ ಗೊಡವೆಗೆ ಹೋಗಲಿಲ್ಲ. ಅಡುಗೆಮನೆ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಬಿಸಿಲು ಬೀಳೋ ಕಡೆ, ಒಂದು ಗೇಣು ಎತ್ತರದ ಒಂದೇ ಒಂದು ಮಡಿ ಮಾಡಿದೆ. ಮಲೆನಾಡಲ್ಲಿ ನೀರು ಹಾಕೋದು ಕಷ್ಟವಲ್ಲ, ನಿಂತ ನೀರು ಹರಿದು ಹೋಗೋ ಹಾಗೆ ಮಾಡೋದೇ ಕೆಲಸ. ಅಮ್ಮ ಕುರ್ಚಿ ಮೇಲೆ ಕೂತು, "ಬಚ್ಚಲೊಲೆ ಬೂದಿ ಒಂದು ಹಿಡಿ ಉದುರಿಸು" ಅಂದಳು. ಮೂಢನಂಬಿಕೆ ಅಂದ್ಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯ್ತು: ಜೋರು ಮಳೆ ಬೀಳೋ ಕಡೆ ಮಣ್ಣಿನ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತೆ. ಕಾಫಿ ತೋಟಕ್ಕೆ ಸುಣ್ಣ ಹಾಕೋದು ಅದಕ್ಕೇ. ಸೌದೆ ಬೂದಿಯೂ ಅದೇ ಕೆಲಸ ಮಾಡುತ್ತೆ. ಹಿಡಿ ಅಂದ್ರೆ ಹಿಡಿಯೇ, ಬುಟ್ಟಿ ಅಲ್ಲ.

ಇನ್ನು ಟೈಮ್ ವಿಷಯ. ಬೆಳಿಗ್ಗೆ ಮೀಟಿಂಗಿಗೆ ಮುಂಚೆ ಕಾಫಿ ಲೋಟ ಹಿಡ್ಕೊಂಡು ಹತ್ತು ನಿಮಿಷ ಮಡಿ ಹತ್ತಿರ ಹೋಗ್ತೀನಿ. ಒಂದೆರಡು ಕಳೆ ಕೀಳ್ತೀನಿ, ಎಲೆ ತಿರುಗಿಸಿ ಹುಳ ನೋಡ್ತೀನಿ, ಅಷ್ಟೇ. ಭಾನುವಾರ ಒಂದು ಗಂಟೆ. ಹೀರೆಯಂತೂ ನಮ್ಮಂಥವರಿಗೇ ಹೇಳಿ ಮಾಡಿಸಿದ ಗಿಡ, ಯಾಕಂದ್ರೆ ಅದರ ಹೂ ಅರಳೋದೇ ಸಂಜೆ. ಮಳೆಯಲ್ಲಿ ಹುಳುಗಳ ಓಡಾಟ ಕಮ್ಮಿ, ಹಾಗಾಗಿ ಮಿಡಿ ಕಟ್ಟದೆ ಉದುರಿಹೋಗ್ತಿತ್ತು. ಲಾಗ್ಔಟ್ ಮಾಡಿ ಬಂದು ಗಂಡು ಹೂ ಕಿತ್ತು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಉಜ್ಜೋದು ಕಲಿತೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತೆ, ಗುರುತು ಸಿಗುತ್ತೆ. ಆ ವಾರದಿಂದ ಕಾಯಿ ನಿಂತವು.

ನೀವು ಹೀರೆಯಿಂದಲೇ ಶುರು ಮಾಡಬೇಕಿಲ್ಲ. ಮೊದಲ ಸಲಕ್ಕೆ ಹರಿವೆ ಹಾಕಿ. ಬೀಜ ತೀರಾ ಸಣ್ಣದು, ಒಂದು ಹಿಡಿ ಮರಳಲ್ಲಿ ಬೆರೆಸಿ ಚೆಲ್ಲಿ. ಇಪ್ಪತ್ತೈದು-ಮೂವತ್ತು ದಿನಕ್ಕೆ ಸೊಪ್ಪು ಸಿಗುತ್ತೆ. ಬೇರು ಸಮೇತ ಕೀಳದೆ ತುದಿ ಚಿವುಟಿದ್ರೆ ಮತ್ತೆ ಚಿಗುರುತ್ತೆ. ಪಕ್ಕದ ಮನೆಯಲ್ಲಿ ಬಸಳೆ ಇದ್ರೆ ಒಂದು ಗೇಣುದ್ದ ಕಡ್ಡಿ ಕೇಳಿ, ಊರಿಬಿಡಿ. ನಮ್ಮ ಕಡೆಯವರಿಗೆ ಮಳೆ ಹಿಂದೆ ಸರಿಯೋ ಅಕ್ಟೋಬರ್ ಒಳ್ಳೇ ಕಾಲ. ಕೊತ್ತಂಬರಿಯೂ ಆಗ ಬರುತ್ತೆ, ಬೀಜ ಎರಡು ಹೋಳು ಮಾಡಿ ಹಾಕಿ. ಬೆಂಗಳೂರಿನ ಬಾಲ್ಕನಿಯವರು ಮೊದಲು ಒಂದು ದಿನ ಬಿಸಿಲು ಎಷ್ಟು ಗಂಟೆ ಬೀಳುತ್ತೆ ಅಂತ ನೋಡಿ, ಆಮೇಲೆ ಕುಂಡ ತನ್ನಿ. ಮೂರು ನಾಲ್ಕು ಗಂಟೆ ಅಷ್ಟೇ ಅಂದ್ರೆ ಸೊಪ್ಪಿಗೆ ಮಾತ್ರ ಕೈ ಹಾಕಿ, ಟೊಮೆಟೊ ಆಸೆ ಬಿಡಿ.

ಮನೆ ಬೀಜ ಇಲ್ಲದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳಿವೆ: ಹರಿವೆಯಲ್ಲಿ ಅರ್ಕಾ ಸುಗುಣ, ಬೆಂಡೆಯಲ್ಲಿ ಅರ್ಕಾ ಅನಾಮಿಕ, ಹೀರೆಯಲ್ಲಿ ಅರ್ಕಾ ಸುಮೀತ್. ಆನ್‌ಲೈನ್‌ನಲ್ಲೂ ಬೀಜ ಮಾರ್ತಾರೆ. ಇವು ಹೈಬ್ರಿಡ್ ಅಲ್ಲ, ಹಾಗಾಗಿ ಮುಂದಿನ ವರ್ಷಕ್ಕೆ ನೀವೇ ಬೀಜ ತೆಗೆದಿಟ್ಕೋಬಹುದು. ಅಂಗಡಿಯ ಹೈಬ್ರಿಡ್ ಪ್ಯಾಕೆಟ್ಟಿನ ಗಿಡದಿಂದ ತೆಗೆದ ಬೀಜಕ್ಕೆ ಅದೇ ಗುಣ ಬರುತ್ತೆ ಅನ್ನೋ ಭರವಸೆ ಇಲ್ಲ.

ಮಂಗನ ಕಾಟಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮಲ್ಲಿ ಅವು ಮುಟ್ಟದೇ ಬಿಟ್ಟದ್ದು ಸೂಜಿಮೆಣಸು ಮತ್ತು ಕೆಸು ಮಾತ್ರ. ಆರು ಹೀರೆ ಗಿಡದಲ್ಲಿ ಎರಡು ಬಸವನಹುಳುವಿಗೆ ಹೋದವು, ಒಂದು ಬುಡ ಕೊಳೆತು ಸತ್ತಿತು, ಒಂದರ ಬಳ್ಳಿಯನ್ನು ಮಂಗ ಹರಿದು ಹಾಕಿತು. ಉಳಿದ ಎರಡು ಚಪ್ಪರ ಹತ್ತಿವೆ. ಹದಿನೇಳು ಕಾಯಿ ಕೊಟ್ಟಿವೆ. ಸಿಪ್ಪೆ ಚಟ್ನಿಯೂ ಆಯ್ತು.

ಹೋದ ವಾರ ಹದಿನೆಂಟನೇದು ಕೀಳೋಣ ಅಂತ ಹೋದೆ. ತೊಟ್ಟಿಗೆ ಅಮ್ಮನ ಹಳೇ ಸೀರೆಯ ಕೆಂಪು ಚಿಂದಿ ಕಟ್ಟಿತ್ತು. ಮೊಣಕಾಲು ಹಿಡ್ಕೊಂಡು ಅಲ್ಲಿ ತನಕ ಯಾವಾಗ ಬಂದು ಕಟ್ಟಿದಳೋ. ಒಳಗಿಂದಲೇ ಕೂಗಿದಳು: "ಅದನ್ನ ಕೀಳಬೇಡ್ವೇ, ಬೀಜಕ್ಕೆ ಬಿಟ್ಟಿದ್ದು!"