ತೆಗೆದಿಡುವ ಬಟ್ಟೆಯಲ್ಲ

ಹೊಸೂರು, ಕೃಷ್ಣಗಿರಿಗಳನ್ನು ಹಾದುಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯೇ ಪಂಜಾಬಿನ ಜಲಂಧರ, ಲುಧಿಯಾನಗಳನ್ನೂ ಹಾದು ಬರುತ್ತದೆ. ಆ ದಾರಿಯಲ್ಲಿ ಲಾರಿ ನಡೆಸಿಕೊಂಡು ಬರುವ ಸರ್ದಾರ್ಜಿಯ ಮುಂಡಾಸು ಕಂಡು ನಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಗರಿಂದ ಮೊದಲು ಅಮೃತ ಪಡೆದ ಐವರಲ್ಲಿ ಸಾಹಿಬ್ ಸಿಂಗರು ನಮ್ಮ ಬೀದರದವರೆಂದು ಸಿಖ್ ಪರಂಪರೆ ಹೇಳುತ್ತದೆ. ಕುಲದಿಂದ ಕ್ಷೌರಿಕರಂತೆ. ಕತ್ತರಿಯ ಮನೆತನದವರೇ ಕೂದಲಿಗೆ ಕತ್ತರಿ ತಾಗಿಸೆವೆಂದು ಮಾತು ಕೊಟ್ಟರು!

ಕೇಶ, ಬಾಚಣಿಗೆ, ಕಡಗ, ಕಚ್ಛಾ, ಕಿರ್ಪಾಣ ಆ ಮಾತಿನ ಗುರುತುಗಳು. ಲಿಂಗಾಯತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುರು ಕೊಟ್ಟ ಇಷ್ಟಲಿಂಗವನ್ನು ಮೈಯಿಂದ ಅಗಲಿಸುವುದೆಂದರೇನೆಂದು ಅವರು ಬಲ್ಲರು. ಲಿಂಗ ಅಂಗಿಯೊಳಗೆ, ಮುಂಡಾಸು ತಲೆಯ ಮೇಲೆ.

2022ರ ಫೆಬ್ರವರಿ 10ರ ಕರ್ನಾಟಕ ಹೈಕೋರ್ಟಿನ ಮಧ್ಯಂತರ ಆದೇಶದಲ್ಲಿ ಮುಂಡಾಸಿನ ಪ್ರಸ್ತಾಪವಿರಲಿಲ್ಲ. ಆದರೂ ಹೊಸೂರಿಗೆ ಸುಮಾರು 40 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಒಂದು ಕಾಲೇಜು, ಅಮೃತ ಪಡೆದ ವಿದ್ಯಾರ್ಥಿನಿಗೆ ಅದನ್ನು ತೆಗೆಯಲು ಹೇಳಿತು. ಆಕೆ ಒಪ್ಪಲಿಲ್ಲ. ಸಂವಿಧಾನದ 25ನೇ ವಿಧಿ ಕಿರ್ಪಾಣಕ್ಕೇ ಹೆಸರು ಹಿಡಿದು ರಕ್ಷಣೆ ಕೊಟ್ಟಿರುವಾಗ ಮುಂಡಾಸಿಗೆ ಏಕೆ ಅಡ್ಡಿ? ಹಿಜಾಬನ್ನು ತಡೆದು ಮುಂಡಾಸನ್ನು ಬಿಡುವುದು ಹೇಗೆಂಬ ಪ್ರಶ್ನೆಯೂ ಎದ್ದಿತು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಇಬ್ಬರನ್ನೂ ತರಗತಿಗೆ ಬಿಡುವುದು, ಇಬ್ಬರ ತಲೆಯನ್ನೂ ಬರಿದು ಮಾಡಿಸುವುದಲ್ಲವೆಂದು ನಾವು ತಿಳಿಯುತ್ತೇವೆ.