ಸಂಯುಕ್ತ ಕೋವಿಯ ಹಗುರವೂ ಭಾರವೂ

ಬೇಟೆಯ ಆಯುಧಗಳನ್ನು ಮಾರುವವರ ಭಾಷೆಯಲ್ಲಿ ‘ಆಯ್ಕೆ’ ಎಂಬ ಪದಕ್ಕೆ ವಿಚಿತ್ರವಾದ ಗೌರವವುಂಟು. ಎಷ್ಟು ತೂಕ, ಎಷ್ಟು ಉದ್ದದ ನಳಿಗೆ, ಯಾವ ತೋಟಾ, ಎಷ್ಟು ಮಾರು ದೂರ ಎಂಬುದನ್ನೆಲ್ಲ ತೂಗಿ ನೋಡಿ ಕೊಳ್ಳುವವನು ಅಲ್ಲಿ ವಿವೇಕಿ ಎನಿಸಿಕೊಳ್ಳುತ್ತಾನೆ. ಯಾವ ಜೀವದ ಮೇಲೆ, ಏತಕ್ಕಾಗಿ ಎಂಬ ಪ್ರಶ್ನೆ ಮಾತ್ರ ಆ ತಕ್ಕಡಿಯನ್ನು ಏರುವುದಿಲ್ಲ. ರೈಫಲ್ಲನ್ನೂ ಚರೆಯ ಕೋವಿಯನ್ನೂ ಒಂದೇ ಮರದ ಹಿಡಿಗೆ ಜೋಡಿಸಿ, ಇಡೀ ದಿನ ಹೆಗಲಲ್ಲಿ ಹೊತ್ತರೂ ಆಯಾಸವಾಗದಷ್ಟು ಹಗುರಗೊಳಿಸಿದ ಸಂಯುಕ್ತ ಕೋವಿಯ ವಿಷಯದಲ್ಲಿ ಈ ಕುರುಡು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

ರೈಫಲ್ಲಿನ ನಳಿಗೆಯ ಒಳಮೈಯಲ್ಲಿ ಸುರುಳಿ ಗೀರುಗಳಿರುತ್ತವೆ. ಅವು ಒಂದೇ ಗುಂಡನ್ನು ತಿರುಗಿಸಿ, ದೂರದಲ್ಲಿ ನಿಂತ ಪ್ರಾಣಿಯತ್ತ ನೇರವಾಗಿ ಕಳುಹಿಸುತ್ತವೆ. ಚರೆಯ ಕೋವಿಯ ನಳಿಗೆ ಒಳಗೆ ನುಣುಪು. ಅದು ನೂರಾರು ಸಣ್ಣ ಚರೆಗಳನ್ನು ಹಾರುವ ಹಕ್ಕಿಯ ಮೇಲೋ ಓಡುವ ಮೊಲದ ಮೇಲೋ ಎರಚುತ್ತದೆ. ಇವೆರಡೂ ಒಂದೇ ಆಯುಧದಲ್ಲಿ ಇರಬೇಕೆಂಬ ಆಸೆ ಹಳೆಯದು. ಜರ್ಮನ್ ಭಾಷೆಯ ನಾಡುಗಳಲ್ಲಿ, ಮುಖ್ಯವಾಗಿ ಜರ್ಮನಿಯ ಸುಲ್ ಮತ್ತು ಆಸ್ಟ್ರಿಯದ ಫೆರ್ಲಾಖ್ ಪಟ್ಟಣಗಳಲ್ಲಿ, ಈ ಕಸುಬು ಬಹಳ ನಯವಾಗಿ ಬೆಳೆಯಿತು. ಎರಡು ನಳಿಗೆಯದು ‘ಬ್ಯುಕ್ಸ್‌ಫ್ಲಿಂಟೆ’. ಮೂರು ನಳಿಗೆಯದು ‘ಡ್ರಿಲ್ಲಿಂಗ್’, ಎಂದರೆ ತ್ರಿವಳಿ. ಆ ಕಾಡುಗಳಲ್ಲಿ ಒಂದೇ ನಡಿಗೆಯಲ್ಲಿ ಬೇಟೆಗಾರನಿಗೆ ಮೊಲ, ಫೆಸೆಂಟ್ ಕೋಳಿ, ರೋ ಜಿಂಕೆ, ಕಾಡುಹಂದಿ ಎದುರಾಗಬಹುದು. ಯಾವುದು ಎದುರಾದರೂ ಕೈ ಬರಿದಾಗಿರಬಾರದೆಂಬುದೇ ಈ ಆಯುಧದ ಜನ್ಮಕಾರಣ.

ಭಾರತಕ್ಕೂ ಇದರ ನಂಟಿದೆ. ಇಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಸೇನಾಧಿಕಾರಿ ಜಾರ್ಜ್ ಫಾಸ್ಬರಿ 1885ರಲ್ಲಿ ರೂಪಿಸಿದ ‘ಪ್ಯಾರಡಾಕ್ಸ್’ ಕೋವಿಯಲ್ಲಿ ನಳಿಗೆಯ ತುದಿಯ ಕೆಲವೇ ಅಂಗುಲಗಳಲ್ಲಿ ಸುರುಳಿ ಗೀರುಗಳಿದ್ದವು. ಅದೇ ನಳಿಗೆಯಿಂದ ಬೆಳಿಗ್ಗೆ ಹಕ್ಕಿಗೆ ಚರೆ, ಸಂಜೆ ದೊಡ್ಡ ಮೃಗಕ್ಕೆ ಗುಂಡು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ ಅದನ್ನು ತಯಾರಿಸಿ ಮಾರಿತು. ಅಮೆರಿಕದಲ್ಲಿ ಇದೇ ಆಸೆ ಅಗ್ಗದ ರೂಪ ತಾಳಿತು. ಮೇಲೆ .22 ರೈಫಲ್ ನಳಿಗೆ, ಕೆಳಗೆ .410 ಚರೆಯ ನಳಿಗೆ ಇರುವ ಸ್ಯಾವೇಜ್ ಸಂಸ್ಥೆಯ 24ನೆಯ ಮಾದರಿ 1950ರಿಂದ ದಶಕಗಳ ಕಾಲ ಹಳ್ಳಿಹಳ್ಳಿಯ ಮನೆಗಳನ್ನು ಹೊಕ್ಕಿತು.

ಈ ಆಯುಧದ ಪರವಾಗಿ ಹೇಳಲಾಗುವ ಮಾತುಗಳಲ್ಲಿ ಅತ್ಯಂತ ಮೋಸಕರವಾದುದು ಮಿತವ್ಯಯದ ಮಾತು. ಎರಡು ಕೋವಿಗಳ ಬದಲು ಒಂದೇ ಸಾಕಲ್ಲವೇ. ವಸ್ತು ಕಡಿಮೆಯಾದಷ್ಟೂ ಪರಿಗ್ರಹವೂ ಕಡಿಮೆಯಲ್ಲವೇ ಎಂದು ಕೇಳುವ ಜಾಣರುಂಟು. ಎಣಿಕೆಯನ್ನೇ ನೋಡುವುದಾದರೆ ಮಾತು ಸರಿ. ಸರಕಾರದ ಕಾಯಿದೆ ಎಣಿಕೆಯನ್ನೇ ನೋಡುತ್ತದೆ: ಭಾರತದ ಆಯುಧ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಆದರೆ ಪರಿಗ್ರಹ ಪರಿಮಾಣವ್ರತ ಅಳೆಯುವುದು ಮೂರ್ಛೆಯನ್ನು, ಮನಸ್ಸಿನ ಅಂಟನ್ನು. ಕಪಾಟಿನಲ್ಲಿರುವ ವಸ್ತುಗಳ ಸಂಖ್ಯೆ ಅದರ ಹೊರಗುರುತು ಮಾತ್ರ. ಕೇವಲ ಚರೆಯ ಕೋವಿ ಹಿಡಿದು ಹೊರಟವನ ಪಾಲಿಗೆ ದೂರದ ಜಿಂಕೆ ಇಲ್ಲದಂತೆಯೇ ಸರಿ. ಕೇವಲ ರೈಫಲ್ ಹಿಡಿದವನ ಪಾಲಿಗೆ ಹಾರುವ ಹಕ್ಕಿ ಸುರಕ್ಷಿತ. ಆಯುಧದ ಮಿತಿ ಅಷ್ಟುಮಟ್ಟಿಗಾದರೂ ಆಸೆಗೆ ಬೇಲಿಯಾಗಿರುತ್ತದೆ. ಸಂಯುಕ್ತ ಕೋವಿ ಆ ಬೇಲಿಯನ್ನೇ ಕಿತ್ತು, ಉಳಿಸಿದ ಕಬ್ಬಿಣದ ಲೆಕ್ಕ ತೋರಿಸಿ ಸಂಯಮವೆಂದು ಹೆಸರಿಡುತ್ತದೆ. ದಿನಕ್ಕೆ ಎರಡು ಹೊತ್ತಿನ ಊಟವನ್ನು ಒಂದೇ ಎಲೆಯಲ್ಲಿ ಬಡಿಸಿಕೊಂಡು ಏಕಾಶನ ಮಾಡಿದೆನೆನ್ನುವವನ ಜಾಣತನ ಇದು.

ಇನ್ನು ಹಗುರದ ವಿಚಾರ. ಇಲ್ಲಿ ಧರ್ಮಗ್ರಂಥಗಳನ್ನು ತೆರೆಯುವ ಮುನ್ನ ಭೌತಶಾಸ್ತ್ರವನ್ನು ತೆರೆದರೂ ಸಾಕು. ಗುಂಡು ಮುಂದಕ್ಕೆ ಹಾರುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಅದೇ ತೋಟಾವನ್ನು ನಾಲ್ಕು ಕಿಲೋ ತೂಕದ ಕೋವಿಯ ಬದಲು ಎರಡು ಕಿಲೋ ತೂಕದ್ದರಲ್ಲಿ ಹಾರಿಸಿದರೆ ಹೆಗಲಿಗೆ ಬರುವ ಒದೆತದ ಶಕ್ತಿ ಇಮ್ಮಡಿಯಾಗುತ್ತದೆ. ಒದೆತವನ್ನು ಒಮ್ಮೆ ಉಂಡ ಶರೀರ ಮುಂದಿನ ಸಲ ಟ್ರಿಗರ್ ಒತ್ತುವ ಮೊದಲೇ ಬೆಚ್ಚುತ್ತದೆ, ಗುರಿ ಜಾರುತ್ತದೆ. ಜಾರಿದ ಗುರಿ ಎಂದರೆ ಪೂರ್ತಿ ತಪ್ಪಿದ ಈಡು ಎಂದೇನಲ್ಲ. ಎದೆಗೆ ಬೀಳಬೇಕಾದುದು ಹೊಟ್ಟೆಗೋ ತೊಡೆಗೋ ಬೀಳುತ್ತದೆ.

ಇದಕ್ಕೆ ತಯಾರಕರು ಕಂಡುಕೊಂಡ ಪರಿಹಾರ ತೋಟಾವನ್ನೇ ಚಿಕ್ಕದಾಗಿಸುವುದು. ಹಗುರವಾದ ಸಂಯುಕ್ತ ಕೋವಿಗಳಲ್ಲಿ .22 ಮತ್ತು .410 ನಳಿಗೆಗಳು ಹೆಚ್ಚಾಗಿ ಕಾಣುವುದು ಈ ಕಾರಣದಿಂದಲೇ. ಸಾಧಾರಣ 12 ಬೋರಿನ ತೋಟಾದಲ್ಲಿ ಸುಮಾರು 32 ಗ್ರಾಂ ಚರೆ ಇದ್ದರೆ .410ರ ಚಿಕ್ಕ ತೋಟಾದಲ್ಲಿ ಸುಮಾರು 14 ಗ್ರಾಂ. ಚರೆಗಳು ಹಾರುತ್ತ ಹರಡಿಕೊಳ್ಳುವುದರಿಂದ ದೂರ ಹೆಚ್ಚಿದಂತೆ ಅವುಗಳ ನಡುವಿನ ತೆರವೂ ಹೆಚ್ಚುತ್ತದೆ. ಕಡಿಮೆ ಚರೆಯ ತೋಟಾದಲ್ಲಿ ಆ ತೆರವು ಬೇಗ ಹಕ್ಕಿಯ ಮೈಯಷ್ಟಗಲವಾಗುತ್ತದೆ. ಆಗ ಹಕ್ಕಿ ಒಂದೇ ಏಟಿಗೆ ಬೀಳುವುದಿಲ್ಲ. ಹೊಟ್ಟೆಯಲ್ಲಿ ಎರಡು ಚರೆ ಹೊತ್ತು ಪೊದೆಯಾಚೆ ಹಾರಿಹೋದ ಹಕ್ಕಿಯನ್ನು ಬೇಟೆಗಾರನ ಲೆಕ್ಕ ‘ಉಳಿದದ್ದು’ ಎಂದು ಬರೆದುಕೊಳ್ಳುತ್ತದೆ. ಹಕ್ಕಿಗೆ ಆ ಲೆಕ್ಕ ತಿಳಿಯದು. ಅದಕ್ಕೆ ತಿಳಿದಿರುವುದು ಹಸಿವೂ ಜ್ವರವೂ ಮೂರನೆಯ ದಿನದ ರಾತ್ರಿಯೂ. .22 ಗುಂಡನ್ನು ಜಿಂಕೆಯಂಥ ಪ್ರಾಣಿಗಳ ಮೇಲೆ ಬಳಸುವುದನ್ನು ಬೇಟೆಗೆ ಅನುಮತಿ ಕೊಡುವ ಅನೇಕ ದೇಶಗಳ ಕಾನೂನುಗಳೇ ನಿಷೇಧಿಸಿವೆ. ಆದರೆ ಕೈಯಲ್ಲಿ ಇರುವುದು ಅದೊಂದೇ ಆಗಿ, ಎದುರಿಗೆ ಜಿಂಕೆ ನಿಂತಾಗ ಕಾನೂನು ನೆನಪಾಗುವುದು ಎಷ್ಟು ಮಂದಿಗೆ?

ಜೋಡಣೆಗೂ ತನ್ನದೇ ದೋಷಗಳಿವೆ. ಬೆಸುಗೆ ಹಾಕಿ ಒಂದಾಗಿಸಿದ ನಳಿಗೆಗಳಲ್ಲಿ ಒಂದು ಕಾದು ಹಿಗ್ಗಿದರೆ ಇನ್ನೊಂದನ್ನು ಕೂದಲೆಳೆಯಷ್ಟು ಬಗ್ಗಿಸುತ್ತದೆ. ಮೊದಲ ಗುಂಡು ಬಿದ್ದಲ್ಲಿ ಮೂರನೆಯದು ಬೀಳುವುದಿಲ್ಲ. ಯಾವ ನಳಿಗೆ ಹಾರಬೇಕೆಂಬುದನ್ನು ನಿರ್ಧರಿಸಲು ಒಂದು ಸಣ್ಣ ಗುಂಡಿಯನ್ನೋ ಜಾರುಕೀಲನ್ನೋ ಸರಿಸಬೇಕು. ಹಕ್ಕಿ ಎದ್ದ ಗಳಿಗೆಯ ಉದ್ವೇಗದಲ್ಲಿ ಬೆರಳು ಅದನ್ನು ಮರೆತರೆ ಚರೆಯ ಬದಲು ಗುಂಡು ಆಕಾಶಕ್ಕೆ ಏರುತ್ತದೆ. ಅತಿ ಸಣ್ಣದೆನಿಸುವ .22 ಗುಂಡು ಕೂಡ ಒಂದೂವರೆ ಕಿಲೋಮೀಟರ್ ದೂರದವರೆಗೆ ಅಪಾಯಕಾರಿ. ಅದು ಇಳಿಯುವಲ್ಲಿ ಯಾರ ಗದ್ದೆಯಿದೆ, ಯಾರ ಮಗು ಆಡುತ್ತಿದೆ ಎಂಬುದು ಹಾರಿಸಿದವನಿಗೆ ಗೊತ್ತಿರುವುದಿಲ್ಲ. ಪ್ರಮಾದದಿಂದ ಪ್ರಾಣಹಾನಿಯಾಗುವುದೇ ಹಿಂಸೆ ಎಂದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದರ ಅರ್ಥಕ್ಕೆ ಇದಕ್ಕಿಂತ ಲೌಕಿಕವಾದ ವ್ಯಾಖ್ಯಾನ ಬೇಕಿಲ್ಲ. ಹಾಗಾದರೆ ಭಾರವಾದ, ಒಂದೇ ಉದ್ದೇಶದ ಕೋವಿ ಧರ್ಮಸಮ್ಮತವೋ ಎಂದು ಕೆಣಕುವವರುಂಟು. ಅಲ್ಲ. ಹಗುರವಾದುದು ‘ಕರುಣೆಯ ಆಯುಧ’ ಎಂಬ ಪ್ರಚಾರ ಸುಳ್ಳೆಂಬುದಷ್ಟೇ ಇಲ್ಲಿ ಸಿದ್ಧವಾದ ಮಾತು.

ಆದರೆ ಮೂಲದ ದೋಷ ತೂಕದಲ್ಲಿಲ್ಲ, ಸನ್ನದ್ಧತೆಯಲ್ಲಿದೆ. ಅನರ್ಥದಂಡ ವಿರತಿ ಎಂಬ ಗುಣವ್ರತದ ಅತಿಚಾರಗಳನ್ನು ಹೇಳುವಾಗ ಶ್ವೇತಾಂಬರ ಆಗಮವಾದ ಉಪಾಸಕದಶಾಂಗವೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ‘ಸಂಯುಕ್ತಾಧಿಕರಣ’ ಎಂಬ ಒಂದನ್ನು ಹೆಸರಿಸುತ್ತವೆ. ಹಿಂಸೆಗೆ ಸಾಧನವಾಗಬಲ್ಲ ಉಪಕರಣಗಳನ್ನು ಜೋಡಿಸಿ ಸಿದ್ಧವಾಗಿ ಇಡುವುದೇ ಆ ದೋಷ: ಒರಳಿನ ಜೊತೆ ಒನಕೆ, ನೇಗಿಲಿನ ಜೊತೆ ಗುಳ, ಬಿಲ್ಲಿನ ಜೊತೆ ಬಾಣ. ಇದೇ ಸ್ಥಾನದಲ್ಲಿ ದಿಗಂಬರ ಆಚಾರ್ಯರು ‘ಅಸಮೀಕ್ಷ್ಯಾಧಿಕರಣ’ವನ್ನು, ಪ್ರಯೋಜನವನ್ನು ವಿಚಾರಿಸದೆ ಕಾರ್ಯಕ್ಕೆ ತೊಡಗುವುದನ್ನು, ಹೇಳುತ್ತಾರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಜೀವಾಧಿಕರಣದ ಭೇದಗಳನ್ನು ಎಣಿಸುವಾಗಲೂ ‘ಸಂಯೋಗ’ಕ್ಕೆ ಪ್ರತ್ಯೇಕ ಸ್ಥಾನವಿದೆ, ಉಪಕರಣಗಳ ಸಂಯೋಗವನ್ನು ವ್ಯಾಖ್ಯಾನಕಾರರು ಅದರಲ್ಲಿ ಸೇರಿಸುತ್ತಾರೆ. ಮೇಲುನೋಟಕ್ಕೆ ಇದು ಅತಿಸೂಕ್ಷ್ಮವೆನಿಸಬಹುದು. ಒನಕೆಯನ್ನು ಒರಳಿನಿಂದ ತೆಗೆದಿಟ್ಟರೆ ಯಾವ ಜೀವ ಉಳಿದೀತು ಎಂದು ನಗುವವರೂ ಇದ್ದಾರೆ. ಆದರೆ ಮನಸ್ಸಿನ ಚಲನೆಯನ್ನು ಬಲ್ಲವರ ಮಾತು ಇದು. ಬಿಲ್ಲು ಒಂದು ಮೂಲೆಯಲ್ಲಿ, ಬಾಣ ಇನ್ನೊಂದು ಮೂಲೆಯಲ್ಲಿ ಇದ್ದರೆ ಇಚ್ಛೆಗೂ ಕ್ರಿಯೆಗೂ ನಡುವೆ ನಾಲ್ಕು ಹೆಜ್ಜೆಗಳ ದಾರಿ ಉಳಿಯುತ್ತದೆ. ಕ್ರೋಧ ಇಳಿಯಲು, ಲೋಭ ನಾಚಲು ಕೆಲವೊಮ್ಮೆ ನಾಲ್ಕು ಹೆಜ್ಜೆ ಸಾಕು. ಸಂಯುಕ್ತ ಕೋವಿಯ ಇಡೀ ಶಿಲ್ಪವೇ ಆ ಹೆಜ್ಜೆಗಳನ್ನು ಅಳಿಸುವ ಶಿಲ್ಪ. ಅದರ ಎರಡು ನಳಿಗೆಗಳಲ್ಲೂ ತೋಟಾ ತುಂಬಿ ಹೊರಟವನು ಇನ್ನೂ ಕಣ್ಣಿಗೆ ಬೀಳದ ಹಕ್ಕಿಯನ್ನೂ ಇನ್ನೂ ಕಣ್ಣಿಗೆ ಬೀಳದ ಮೃಗವನ್ನೂ ಮನೆಯ ಹೊಸ್ತಿಲಲ್ಲೇ ಸಂಕಲ್ಪಿಸಿಕೊಂಡಿರುತ್ತಾನೆ.

ಸಂಕಲ್ಪ ಮಾತ್ರದಿಂದ ಏನಾದೀತು ಎಂಬ ಪ್ರಶ್ನೆಗೆ ಕನ್ನಡದ ಓದುಗರಿಗೆ ಉತ್ತರ ಹುಡುಕುವ ಶ್ರಮವಿಲ್ಲ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯಲ್ಲಿ ಯಶೋಧರನು ಕೊಂದದ್ದು ಹಿಟ್ಟಿನ ಕೋಳಿಯನ್ನು. ಅದರಲ್ಲಿ ಜೀವವಿರಲಿಲ್ಲ, ಕೊಲ್ಲುವ ಭಾವ ಮಾತ್ರ ಇತ್ತು. ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲೆಯಾಗಲು ಅಷ್ಟೇ ಸಾಕಾಯಿತು.

ಪ್ರಾಣಾಪಾಯದ ವಾದವೊಂದಿದೆ, ಅದನ್ನು ಗೌರವದಿಂದಲೇ ಕೇಳಬೇಕು. 1965ರ ಮಾರ್ಚಿನಲ್ಲಿ ವೊಸ್ಖೋದ್-2 ನೌಕೆ ಗೊತ್ತಾದ ಸ್ಥಳ ತಪ್ಪಿ ಉರಲ್ ಪರ್ವತ ಪ್ರದೇಶದ ಹಿಮಾರಣ್ಯದಲ್ಲಿ ಇಳಿಯಿತು. ಬೆಲ್ಯಾಯೆವ್ ಮತ್ತು ಲಿಯೊನೊವ್ ಎಂಬ ಗಗನಯಾತ್ರಿಗಳು ತೋಳ ಕರಡಿಗಳ ಆ ಕಾಡಿನಲ್ಲಿ ರಾತ್ರಿ ಕಳೆಯಬೇಕಾಯಿತು. ಮುಂದೆ ಸೋವಿಯತ್ ಯಾತ್ರಿಗಳಿಗಾಗಿ ಟಿಪಿ-82 ಎಂಬ ಮೂರು ನಳಿಗೆಯ ಚಿಕ್ಕ ಆಯುಧ ಸಿದ್ಧವಾಗಿ 1986ರಿಂದ ಬಳಕೆಗೆ ಬಂತು. ಎರಡು ನುಣುಪು ನಳಿಗೆ, ಒಂದು ರೈಫಲ್ ನಳಿಗೆ, ಹಿಡಿಯ ಜಾಗದಲ್ಲಿ ಕೊಡಲಿಯಂತೆ ಬಳಸಬಹುದಾದ ಮಚ್ಚು. ಅಮೆರಿಕದ ವಾಯುಪಡೆ 1950ರ ದಶಕದಲ್ಲಿ ತನ್ನ ವಿಮಾನಿಗಳಿಗೆ ಕೊಟ್ಟ ಎಂ-6 ಸುಮಾರು ಎರಡು ಕಿಲೋ ತೂಗುತ್ತಿತ್ತು, ಮಡಚಿ ಇಡಬಹುದಾಗಿತ್ತು. ಹಿಮದಲ್ಲಿ ಏಕಾಕಿಯಾಗಿ ಸಿಕ್ಕಿಬಿದ್ದವನು ಮೇಲೆರಗುವ ತೋಳದಿಂದ ಪಾರಾಗಲು ಮಾಡುವುದನ್ನು ಗೃಹಸ್ಥಧರ್ಮ ವಿರೋಧಿ ಹಿಂಸೆಯೆಂದು ಬೇರೆಯಾಗಿ ಗುರುತಿಸುತ್ತದೆ. ಅಲ್ಲಿ ವಾದವಿಲ್ಲ. ವಾದವಿರುವುದು, ಸಂಜೆ ಮನೆಗೆ ಮರಳಿ ಬಿಸಿನೀರಿನ ಸ್ನಾನ ಮಾಡುವವನಿಗೆ ಆ ಗಗನಯಾತ್ರಿಯ ಸಂಕಟವನ್ನು ಹೊದಿಸಿ ಅದೇ ಬಗೆಯ ಕೋವಿಯನ್ನು ಮಾರುವ ವ್ಯಾಪಾರದ ವಿಷಯದಲ್ಲಿ. ಅಂಥ ಸರಕನ್ನು ಮಾರುವುದೂ ಕೊಡುಗೆಯಾಗಿ ಕೊಡುವುದೂ ಹಿಂಸಾದಾನವೆನಿಸದೆ ಇರದು. ಸಮಂತಭದ್ರಾಚಾರ್ಯರು ಆ ಪಟ್ಟಿಯಲ್ಲಿ ಕತ್ತಿಯ ಜೊತೆಗೆ ಗುದ್ದಲಿಯನ್ನೂ ಸೇರಿಸಿದ್ದಾರೆ.

ಚಾವುಂಡರಾಯನು ಖಡ್ಗ ಹಿಡಿಯಲಿಲ್ಲವೇ ಎಂಬ ಪ್ರಶ್ನೆ ಇಂಥ ಚರ್ಚೆಗಳಲ್ಲಿ ತಪ್ಪದೆ ಏಳುತ್ತದೆ. ಹಿಡಿದನು, ಗಂಗರ ದಂಡನಾಯಕನಾಗಿ ಆಯುಧ ಹಿಡಿದು ಎದುರಾದ ಶತ್ರುವಿನ ಮುಂದೆ ಹಿಡಿದನು. ಗೌಜಲ ಹಕ್ಕಿ ಯಾರ ರಾಜ್ಯದ ಮೇಲೂ ದಂಡೆತ್ತಿ ಬಂದುದಿಲ್ಲ.

ಪರದೇಶಗಳಲ್ಲಿ ನೆಲೆಸಿದ ಜೈನ ಯುವಕರಿಗೆ ಗೆಳೆಯರ ಸಂಗಡ ಬೇಟೆಗೆ ಹೋಗುವುದು ಕೇವಲ ಶಿಷ್ಟಾಚಾರದಂತೆ ಕಾಣುವುದುಂಟು. ಕರ್ನಾಟಕದಲ್ಲಿ ಪ್ರಶ್ನೆಯ ರೂಪ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ವಿನೋದದ ಬೇಟೆಗೆ ಇಲ್ಲಿ ಎಡೆಯಿಲ್ಲ. ಆದರೂ ಮಲೆನಾಡಿನ ಅಡಕೆ ತೋಟಗಳ ಮನೆಗಳಲ್ಲಿ, ಜೈನ ಮನೆಗಳೂ ಸೇರಿದಂತೆ, ಬೆಳೆರಕ್ಷಣೆಯ ಹೆಸರಿನಲ್ಲಿ ಅಜ್ಜನ ಕಾಲದ ಕೋವಿಗಳು ಗೋಡೆಯ ಮೇಲಿವೆ. ಹಂದಿಯೂ ಮಂಗವೂ ತರುವ ನಷ್ಟ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಎಳೆಗಿಡಗಳ ಸಾಲನ್ನೇ ಕಳೆದುಕೊಂಡ ರೈತನಿಗೆ ಉಪದೇಶ ಹೇಳುವುದು ಸುಲಭ. ಆದರೆ ಆ ರೈತನಿಗೆ ಬೇಕಿರುವುದು ಬೇಲಿ, ಕಾವಲು, ಸಕಾಲಕ್ಕೆ ಸಿಗುವ ಪರಿಹಾರಧನ; ಇನ್ನೂ ಹಗುರವಾದ, ಇನ್ನೂ ಬಹೂಪಯೋಗಿಯಾದ ಕೋವಿಯಲ್ಲ. ಹಳೆಯದನ್ನು ಹೊಸದಕ್ಕೆ ಬದಲಾಯಿಸುವ ವಿಚಾರದಲ್ಲಿರುವ ಕುಟುಂಬಗಳು ಇನ್ನೊಂದು ದಾರಿಯನ್ನೂ ಗಮನಿಸಬಹುದು: ಮುಂದುವರಿಸಲು ಇಷ್ಟವಿಲ್ಲದ ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಒಪ್ಪಿಸಿ ರಸೀದಿ ಪಡೆಯಲು ಆಯುಧ ಕಾಯಿದೆಯಲ್ಲೇ ಅವಕಾಶವಿದೆ.